ಸುಂಕಜ್ಜಿ ಬೆನ್ನು ತಿರುಗಿಸಿ ಕೂತಿದ್ದು

ಹಿಂದೆ, ಎಷ್ಟು ಹಿಂದೆ ಅಂತ ಕೇಳಿದರೆ ಹೇಳುವವರು ಯಾರೂ ಉಳಿದಿಲ್ಲದಷ್ಟು ಹಿಂದೆ, ಒಂದೂರಿನಲ್ಲಿ ಒಬ್ಬ ಮೇದಾರ ಮುದುಕಿ ಇದ್ದಳಂತೆ. ಹೆಸರು ಸುಂಕವ್ವ. ಎಲ್ಲರೂ ಸುಂಕಜ್ಜಿ ಅನ್ನುತ್ತಿದ್ದರಂತೆ. ಆ ಊರು ಇದೇ ಅಂತ ನಾವು ಹೇಳುತ್ತೇವೆ. ಹೊಳೆಯ ಆಚೆ ದಂಡೆಯವರು ಇಲ್ಲ, ಅದು ನಮ್ಮೂರು ಅನ್ನುತ್ತಾರೆ. ಜಗಳ ಬೇಡ. ಹೊಳೆಯಂತೂ ಇದೇ.

ನಿಮ್ಮ ಮೇಷ್ಟ್ರು ನಿಮ್ಮನ್ನು ಇಲ್ಲಿಗೆ ಕರೆತಂದಿರುವುದು ಬುಟ್ಟಿ ಹೆಣೆಯುವುದನ್ನು ಕಲಿಯಲಿ ಅಂತ. ಕಾಡನ್ನು ಉಳಿಸಿಕೊಂಡು ಬದುಕುವುದು ಹೇಗೆ ಅಂತ ಬೆಳಿಗ್ಗೆ ಅವರು ದೊಡ್ಡ ಭಾಷಣ ಮಾಡಿದರು. ನಾನೂ ಕೇಳಿದೆ, ಅರ್ಧ ತಿಳಿಯಿತು. ನನಗೆ ಭಾಷಣ ಬರುವುದಿಲ್ಲ, ಈ ಒಂದು ಕತೆ ಬರುತ್ತದೆ. ಇದೂ ಅರ್ಧವೇ ತಿಳಿದಿರುವುದು, ಈಗಲೇ ಹೇಳಿಬಿಡುತ್ತೇನೆ. ಕೈಯಲ್ಲಿರುವ ಬಿದಿರಿನ ದಬ್ಬೆ ಕೆಳಗಿಡಬೇಡಿ, ಸೀಳುತ್ತಾ ಕೇಳಿ. ಬೆರಳು ಜೋಪಾನ. ಬಿದಿರಿನ ಸಿಬಿರು ಚುಚ್ಚಿದರೆ ಅಳು ಬರುತ್ತದೆ, ನನ್ನ ಹತ್ತಿರ ಮುಲಾಮು ಇಲ್ಲ.

ಸುಂಕಜ್ಜಿ ಹೆಣೆದ ಬುಟ್ಟಿಯಲ್ಲಿ ಹೊಳೆಯಿಂದ ನೀರು ತರುತ್ತಿದ್ದರಂತೆ, ಒಂದು ಹನಿ ಸೋರುತ್ತಿರಲಿಲ್ಲವಂತೆ. ಸಗಣಿ ಬಳಿದು ಒಣಗಿಸಿರಬೇಕು, ಅದನ್ನು ಹೇಳುವವರು ಬಿಟ್ಟುಬಿಡುತ್ತಾರೆ. ಅವಳ ಮೊರದಲ್ಲಿ ಕೇರಿದರೆ ಹೊಟ್ಟು ತಾನಾಗಿ ನಾಚಿಕೊಂಡು ಪಕ್ಕಕ್ಕೆ ಸರಿಯುತ್ತಿತ್ತಂತೆ. ಅವಳು ಕಟ್ಟಿದ ಹರಿಗೋಲಿನಲ್ಲಿ ಒಂದು ಆನೆ ಹೊಳೆ ದಾಟಿತಂತೆ. ನಮ್ಮಜ್ಜಿ ಆನೆ ಅನ್ನುತ್ತಿದ್ದಳು. ನನ್ನ ಹೆಂಡತಿಯ ತವರಿನಲ್ಲಿ ಎಮ್ಮೆ ಅನ್ನುತ್ತಾರೆ. ಎಮ್ಮೆಯೇ ಇರಬಹುದು.

ಊರ ಹಿಂದೆ ಗುಡ್ಡ, ಗುಡ್ಡದ ಬುಡದಲ್ಲಿ ಬಿದಿರಿನ ಮೆಳೆಗಳು, ಮೆಳೆಗಳ ಮಗ್ಗುಲಲ್ಲೇ ಮೇದಾರ ಕೇರಿ. ಗಾಳಿ ಬೀಸಿದರೆ ಬಿದಿರಿನ ತುದಿ ಬಾಗಿ ಗುಡಿಸಲಿನ ಹುಲ್ಲು ಸವರುತ್ತಿತ್ತಂತೆ. ಕೇರಿಯವರ ಅನ್ನ ಎಲ್ಲ ಆ ಮೆಳೆಯಿಂದ. ತೊಟ್ಟಿಲು ಬೇಕೆಂದರೂ ಊರವರು ಅಲ್ಲಿಗೇ ಬರಬೇಕು, ಚಟ್ಟ ಬೇಕೆಂದರೂ ಅಲ್ಲಿಗೇ ಬರಬೇಕು.

ಮೆಳೆಯ ರೀತಿ ನಿಮಗೆ ಗೊತ್ತಿರಲಿ. ಅದರಲ್ಲಿ ಎಳೆಯದು ಹೊರಗಿರುತ್ತದೆ, ಬಲಿತದ್ದು ಒಳಗಿರುತ್ತದೆ. ಹೊರಗಿನದನ್ನು ಕಡಿಯುವುದು ಸುಲಭ. ಒಳಗಿನದು ಬೇಕೆಂದರೆ ಮುಳ್ಳಿನೊಳಗೆ ತೂರಬೇಕು, ಮೈಯೆಲ್ಲ ಗೀರಿಸಿಕೊಳ್ಳಬೇಕು. ಸುಂಕಜ್ಜಿ ಚಿಕ್ಕವಳಿದ್ದಾಗ ಕೇರಿಯವರೆಲ್ಲ ಸುಲಭದ ದಾರಿ ಹಿಡಿದಿದ್ದರಂತೆ. ಮಳೆಗಾಲದಲ್ಲಿ ಬಿದಿರಿನ ಮೊಳಕೆ ಕಳಲೆ ಮುರಿದು ಪಲ್ಯ ಮಾಡುವುದು, ಉಳಿದ ಕಾಲದಲ್ಲಿ ಹೊರಗಿನ ಎಳೆ ಗಳ ಕಡಿದು ಬುಟ್ಟಿ ಮಾಡುವುದು. ಎಳೆ ಬಿದಿರಿನ ಬುಟ್ಟಿಗೆ ಬೇಗ ಹುಳು ಹಿಡಿಯುತ್ತದೆ, ಒಂದು ಸುಗ್ಗಿ ದಾಟುವುದರೊಳಗೆ ಪುಡಿಯಾಗುತ್ತದೆ. ಬುಟ್ಟಿ ಬೇಗ ಹಾಳಾದರೆ ಗಿರಾಕಿ ಬೇಗ ಬರುತ್ತಾನೆ ಅಂತ ಅವರಿಗೆ ಖುಷಿಯೋ ಖುಷಿ. ಕೂತ ಕೊಂಬೆ ಕಡಿಯುವ ಬುದ್ಧಿ ಅಂದರೆ ಅದೇ. ಮೆಳೆಗಳು ಒಂದೊಂದೇ ಬೋಳಾಗುತ್ತಾ ಬಂದವಂತೆ.

ಸುಂಕವ್ವ ದೊಡ್ಡವರಿಗೆ ಹೇಳಿ ಹೇಳಿ ಸೋತಳಂತೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತ ಮಕ್ಕಳನ್ನು ಹಿಡಿದಳಂತೆ. ಕೇರಿಯ ಮಕ್ಕಳನ್ನು ಸೇರಿಸಿಕೊಂಡು ಮೆಳೆಯ ಹತ್ತಿರ ಕೂರಿಸಿದಳಂತೆ. ಕತ್ತಿ ಕೊಡಲಿಲ್ಲ. ಒಂದು ಮಳೆಗಾಲ ಪೂರ್ತಿ ಸುಮ್ಮನೆ ನೋಡಿ ಅಂದಳಂತೆ. ಈ ವರ್ಷ ಹುಟ್ಟಿದ್ದಕ್ಕೆ ಕೂಸು ಅಂತ ಹೆಸರಿಟ್ಟಳು, ಮೈಮೇಲೆ ಬಿಳಿ ಪುಡಿ ಇರುತ್ತದಲ್ಲ, ಅದು. ಅದಕ್ಕಿಂತ ದೊಡ್ಡದು ಹರೆಯದ್ದು. ಪುಡಿ ಉದುರಿ ಮೈ ಮಾಸಿ, ಬೆರಳಿನ ಗೆಣ್ಣಿನಿಂದ ತಟ್ಟಿದರೆ ಠಣ್ ಅನ್ನುವುದು ದುಡಿಯುವುದು. ಕಡಿಯುವುದಾದರೆ ಅದನ್ನು ಕಡಿ. ಕೂಸನ್ನು ಮುಟ್ಟಬೇಡ, ಹರೆಯದ್ದನ್ನು ಕೆಣಕಬೇಡ. ಇಷ್ಟೇ ಪಾಠ. ಇದು ನಿಮ್ಮ ಮೇಷ್ಟ್ರು ಹೇಳಿದ್ದೂ ಹೌದು, ಅಲ್ಲವೇ? ಅವರು ಇನ್ನೂ ಉದ್ದ ಹೇಳಿದರು.

ಆದರೆ ಸುಂಕಜ್ಜಿ ಪಾಠ ಕಲಿಸುತ್ತಿದ್ದ ರೀತಿ ಮಾತ್ರ ಬೇರೆ ಎಲ್ಲೂ ಕೇಳಿಲ್ಲ. ಅವಳು ಸುಳ್ಳು ಅಪ್ಪಣೆ ಕೊಡುತ್ತಿದ್ದಳಂತೆ. ಕತ್ತಿ ಕೊಟ್ಟು, ಕೂಸಿನ ಕಡೆ ಬೆರಳು ಮಾಡಿ, ಕಡಿದು ತಾ ಅನ್ನುತ್ತಿದ್ದಳಂತೆ. ಹಿರಿಯರ ಮಾತು ಅಂತ ಕಡಿಯಲು ಹೋದವನು ಆ ದಿನವೆಲ್ಲ ಹೊಳೆಯಿಂದ ನೀರು ಹೊತ್ತು ಮೆಳೆಗೆ ಹಾಕಬೇಕು. ಕಡಿಯಲ್ಲ ಅಂದವನ ಅಂಗೈಯಲ್ಲಿ ಒಂದು ಚೂರು ಬೆಲ್ಲ.

"ಏ ಜಂಬ, ಆ ಹೊರಗಿಂದು ಕಡ್ಕೊಂಬಾ," ಅನ್ನುವಳಂತೆ ಒಬ್ಬ ಹುಡುಗನಿಗೆ.

"ಅದು ಕೂಸೈತಜ್ಜಿ. ಕಡಿಯಲ್ಲ."

"ನಾನೇ ಹೇಳಾಕತ್ತೀನಲ್ಲೋ!"

"ನೀನು ಹೇಳಿದ್ರೂ ಕಡಿಯಲ್ಲ."

ಆಗ ಅಜ್ಜಿ ನಕ್ಕು, ಸೆರಗಿನ ಗಂಟು ಬಿಚ್ಚಿ ಬೆಲ್ಲ ಕೊಡುವಳಂತೆ. "ನನ್ ಬಾಯಿ ಸುಳ್ಳಾಡ್ತೈತೆ, ಬಿದ್ರು ಸುಳ್ಳಾಡಲ್ಲ. ಅದನ್ನ ಕೇಳ್ರಿ, ನನ್ನ ಕೇಳಬ್ಯಾಡ್ರಿ," ಅನ್ನುವಳಂತೆ.

ಒಂದು ಸಲ ಊರ ಗೌಡನನ್ನೇ ಈ ಆಟಕ್ಕೆ ಎಳೆದಳಂತೆ. ಉಪ್ಪಿನಕಾಯಿಗೆ ಕಳಲೆ ಬೇಕು, ಹೋಗಿ ಮಕ್ಕಳ ಹತ್ತಿರ ಮುರಿಸಿಕೊಳ್ಳಿ, ನಾನು ಹೇಳಿದೆ ಅನ್ನಿ ಅಂತ ತಾನೇ ಅವನಿಗೆ ಹೇಳಿ ಕಳಿಸಿದಳಂತೆ. ಗೌಡ ನಂಬಿಕೊಂಡು ಬಾಯಲ್ಲಿ ನೀರೂರಿಸಿಕೊಂಡು ಹೋದರೆ, ಮಕ್ಕಳು ಮೆಳೆಗೆ ಅಡ್ಡ ನಿಂತು ವಾಪಸ್ ಅಟ್ಟಿದವಂತೆ. ಗೌಡ ಕೋಪಿಸಿಕೊಂಡನಂತೆ, ಆಮೇಲೆ ನಕ್ಕನಂತೆ. ನಕ್ಕನೋ ಇಲ್ಲವೋ, ಕತೆಯಲ್ಲಿ ನಗುತ್ತಾನೆ.

ಹೀಗೆ ವರ್ಷಗಳು ಹೋದವು. ಮೆಳೆ ತುಂಬಿತು. ಮೊದಲು ಕಲಿತ ಮಕ್ಕಳು ಮೀಸೆ ಬಂದು ಮಕ್ಕಳೊಂದಿಗರಾದರು, ಅವರ ಮಕ್ಕಳೂ ಸುಂಕಜ್ಜಿಯ ಹತ್ತಿರವೇ ಕಲಿತರು. ಕೇರಿಯಲ್ಲಿ ಅವಳ ಸುಳ್ಳು ಅಪ್ಪಣೆಗೆ ಬಗ್ಗುವ ಕೈ ಒಂದೂ ಉಳಿಯಲಿಲ್ಲವಂತೆ. ಅವಳಿಗೆ ಅದೇ ಹೆಮ್ಮೆ. ಆ ಹೆಮ್ಮೆಯೇ ಆಮೇಲೆ ಅವಳ ಕುತ್ತಿಗೆಗೆ ಬಂತು.

ಒಂದು ವರ್ಷ ಚಳಿ ಶುರುವಾಗುವ ಹೊತ್ತಿಗೆ ಬಿದಿರಿನ ಎಲೆಯೆಲ್ಲ ಉದುರಿತಂತೆ. ಬೋಳು ಗಳಗಳ ತುಂಬ ಭತ್ತದ ತೆನೆಯಂಥದ್ದು ಜೋತುಬಿತ್ತಂತೆ. ಒಂದು ಮೆಳೆಯಲ್ಲ, ಎಲ್ಲ ಮೆಳೆಗಳಲ್ಲೂ. ಗುಡ್ಡದ ಆಚೆ ಮಗ್ಗುಲಿನಲ್ಲಿ ಯಾರೂ ಮುಟ್ಟದ ಬಿದಿರು ಕಾಡಿತ್ತು, ಅಲ್ಲೂ. ಬಿದಿರು ಹೂ ಬಿಟ್ಟಿತ್ತು. ಅದು ಬದುಕಿನಲ್ಲಿ ಒಂದೇ ಸಲ ಹೂ ಬಿಡುತ್ತದೆ, ಅಷ್ಟರಲ್ಲಿ ಮನುಷ್ಯರಲ್ಲಿ ಅಜ್ಜ ಹೋಗಿ ಮೊಮ್ಮಗ ಅಜ್ಜನಾಗಿರುತ್ತಾನೆ. ಹಾಗಾಗಿ ಊರಿನಲ್ಲಿ ಬದುಕಿದ್ದ ಯಾರೂ ಅದನ್ನು ಕಂಡಿರಲಿಲ್ಲ. ಕೆಲವರು ಶುಭ ಅಂದರು. ಕೆಲವರು ಬರ ಬರುತ್ತದೆ, ಇಲಿ ಬರುತ್ತದೆ ಅಂದರು. ಎರಡನ್ನೂ ನಂಬಿದವರು ಬಿದಿರಿಗೆ ಕಾಯಿ ಒಡೆದು ಬಂದು ಮನೆಯಲ್ಲಿ ಜೋಳ ಬಚ್ಚಿಟ್ಟರಂತೆ.

ತೆನೆ ಬಲಿತು ಬಿದಿರಕ್ಕಿ ಉದುರಿತು. ಹೆಂಗಸರು ಗುಡಿಸಿ ತಂದು ಅನ್ನ ಮಾಡಿದರು. ಗುಡಿಸಿದ್ದು ನಿಮ್ಮದು, ಗುಡಿಸದೆ ಬಿಟ್ಟಿದ್ದು ನೆಲದ್ದು, ಸ್ವಲ್ಪ ಬಿಡಿ ಅಂತ ಸುಂಕಜ್ಜಿ ಹೇಳಿದಳಂತೆ. ಇಲಿಗಳೂ ಬಂದವು, ಅವು ಯಾರ ಮಾತನ್ನೂ ಕೇಳಲಿಲ್ಲ. ಆಮೇಲೆ ಬೇಸಿಗೆ ಮುಖ ತೋರಿಸಿತು. ಬಿದಿರು ಹಾಗೇ ನಿಂತಿತ್ತು, ಒಂದು ಎಲೆ ಚಿಗುರಲಿಲ್ಲ. ಗಾಳಿಗೆ ಒಂದಕ್ಕೊಂದು ಉಜ್ಜಿ ಕಿರ್ ಅನ್ನುತ್ತಿತ್ತಂತೆ.

ಸುಂಕಜ್ಜಿಗೆ ಅವಳಜ್ಜಿ ಯಾವಾಗಲೋ ಹೇಳಿದ ಮಾತು ಒಂದಿತ್ತಂತೆ. ಬಿದಿರು ಹೂ ಬಿಟ್ಟರೆ ಅದು ಸಾಯುವ ಹೂ. ಅಕ್ಕಿ ಉದುರಿದ ಮೇಲೆ ಒಂದೂ ಬಿಡದೆ ನೆಲಕ್ಕೆ ಸಮ ಕಡಿಯಬೇಕು, ಕಡಿದು ಹೊಳೆಯ ಮರಳಿಗೆ ಸಾಗಿಸಬೇಕು. ಬಿಟ್ಟರೆ ಬೇಸಿಗೆಯ ಗಾಳಿಗೆ ಒಣ ಗಳ ಉಜ್ಜಿ ಉಜ್ಜಿ ತಾನೇ ಹೊತ್ತಿಕೊಳ್ಳುತ್ತದೆ, ಮಗ್ಗುಲಲ್ಲಿದ್ದ ಕೇರಿಯನ್ನೂ ಒಯ್ಯುತ್ತದೆ.

ಮಾತು ಸ್ಪಷ್ಟವಾಗಿಯೇ ಇದೆಯಲ್ಲ ಅನ್ನುತ್ತೀರಿ. ಕೇಳಿ. ಸುಳ್ಳು ಅಪ್ಪಣೆಯ ವಿದ್ಯೆಯನ್ನು ಸುಂಕಜ್ಜಿಗೆ ಕಲಿಸಿದ್ದೇ ಆ ಅಜ್ಜಿಯಂತೆ! ಒಂದೂ ಬಿಡದೆ ಕಡಿ ಅಂದದ್ದು ನಿಜವಾದ ಮಾತೋ, ಅಥವಾ ಮೊಮ್ಮಗಳು ಏನು ಮಾಡುತ್ತಾಳೆ ನೋಡೋಣ ಅಂತ ಹೇಳಿದ ಪರೀಕ್ಷೆಯ ಮಾತೋ? ಕೇಳೋಣವೆಂದರೆ ಅಜ್ಜಿ ಮಣ್ಣಾಗಿ ಎಷ್ಟೋ ಕಾಲವಾಗಿತ್ತು. ನಿಜವಿದ್ದು ಕಡಿಯದಿದ್ದರೆ ಕೇರಿ ಬೂದಿ. ಸುಳ್ಳಿದ್ದು ಕಡಿದರೆ, ಜೀವಮಾನವೆಲ್ಲ ಕಾಯ್ದ ಮೆಳೆಯನ್ನು ತಾನೇ ಕೊಂದಂತೆ. ಸುಂಕಜ್ಜಿ ಮೆಳೆಯ ಬುಡದಲ್ಲಿ ಕೂತು ಕೂತು ತಲೆ ಕೆಡಿಸಿಕೊಂಡಳಂತೆ. ಗಳ ತಟ್ಟಿ ನೋಡುವಳಂತೆ, ಬೇರು ಕೆದಕಿ ನೋಡುವಳಂತೆ, ಮತ್ತೆ ಕೂರುವಳಂತೆ. ಕೊನೆಗೆ ಕಡಿಯುವುದೇ ಸರಿ ಅಂತ ಎದ್ದಳಂತೆ. ಪೂರ್ತಿ ನಂಬಿಕೆ ಬಂದು ಎದ್ದಳೋ, ಗಾಳಿ ಜೋರಾಯಿತು ಅಂತ ಹೆದರಿ ಎದ್ದಳೋ, ಅದು ಮಾತ್ರ ಯಾರಿಗೂ ಗೊತ್ತಿಲ್ಲ.

ಕೇರಿಯವರನ್ನೆಲ್ಲ ಕರೆದು, ಮೆಳೆಯನ್ನು ಪೂರ್ತಿ ಕಡಿಯಿರಿ, ಕೂಸು ಹರೆಯದ್ದು ಅಂತ ನೋಡಬೇಡಿ, ಒಂದೂ ಬಿಡದೆ ಹೊಳೆಯ ಮರಳಿಗೆ ಸಾಗಿಸಿ, ಇಲ್ಲದಿದ್ದರೆ ಬೆಂಕಿ ಬೀಳುತ್ತದೆ ಅಂದಳಂತೆ.

ಎಲ್ಲರೂ ನಕ್ಕರಂತೆ. ನಕ್ಕು, ಕಡಿಯಲ್ಲಜ್ಜಿ ಅಂದು, ಬೆಲ್ಲಕ್ಕೆ ಕೈ ಚಾಚಿದರಂತೆ.

ಮೀಸೆ ಬಂದವರು, ಬಸುರಿ ಹೆಂಗಸರು, ಎಲ್ಲರೂ. ಜಂಬನಂತೂ ಅಷ್ಟು ಹೊತ್ತಿಗೆ ಕೇರಿಯ ಹಿರಿಯ, ಅವನೂ ಕೈ ಚಾಚಿದನಂತೆ. ಇದು ಆಟವಲ್ಲ, ನಿಜ ಅಂತ ಅಜ್ಜಿ ಕೂಗಿದಳು. ಹಿಂದೆಯೂ ಹಾಗೇ ಕೂಗುತ್ತಿದ್ದಳಲ್ಲ, ಇವರಿನ್ನೂ ನಕ್ಕರು. ಅಜ್ಜಿ ಅತ್ತಳು. ಈ ಸಲ ಎಷ್ಟು ಚೆನ್ನಾಗಿ ಅಳುತ್ತಾಳೆ ನೋಡು ಅಂತ ಮಾತಾಡಿಕೊಂಡರಂತೆ. ಹೇಳುವಾಗ ನನಗೂ ನಗು ಬರುತ್ತದೆ, ಆಮೇಲೆ ನಕ್ಕಿದ್ದಕ್ಕೆ ನನ್ನನ್ನೇ ಬೈದುಕೊಳ್ಳುತ್ತೇನೆ.

ಅಜ್ಜಿ ಮಾತು ತಿರುಗಿಸಿ ನೋಡಿದಳಂತೆ. ಸರಿ, ಕಡಿಯಬೇಡಿ, ಒಂದನ್ನೂ ಮುಟ್ಟಬೇಡಿ ಅಂದಳು. ಈಗಲಾದರೂ ಎದುರು ಮಾಡಿ ಕಡಿದಾರು ಅಂತ. ಹೌದಜ್ಜಿ, ಅದೇ ಸರಿ ಅಂತ ಅವರು ತಲೆಯಾಡಿಸಿ ಮನೆಗೆ ಹೋದರಂತೆ! ಹೇಗೆ ಹೇಳಿದರೂ ಬಿದಿರು ನಿಂತಲ್ಲೇ ನಿಂತಿತು.

ಗೌಡನ ಹತ್ತಿರ ಹೋದಳು. ಅವನು ಕೈಮುಗಿದನಂತೆ. "ನಿನ್ ಮಾತು ನಂಬಿ ಒಂದ್ಸಲ ಬೇಸ್ತು ಬಿದ್ದೀನವ್ವಾ, ಸಾಕು. ಬಿದ್ರಿನ ಮಾತು ನಿನ್ ಹುಡುಗ್ರಿಗೇ ಬಿಟ್ಟಿದ್ದು," ಅಂದನಂತೆ.

ಕೊನೆಗೆ ತಾನೇ ಕತ್ತಿ ಹಿಡಿದು ಮೆಳೆಗೆ ಹೋದಳಂತೆ. ಮೊದಲ ಏಟು ಬೀಳುವಷ್ಟರಲ್ಲಿ ಜಂಬ ಓಡಿಬಂದು ಅವಳ ಕೈ ಹಿಡಿದನಂತೆ. ಬಿರುಸಾಗಿ ಹಿಡಿಯಲಿಲ್ಲ, ತಾಯಿಯ ಕೈ ಹಿಡಿದ ಹಾಗೆ ಹಿಡಿದು, ಕತ್ತಿ ತೆಗೆದುಕೊಂಡನಂತೆ. "ನಾನೇ ಬಂದ್ರೂ ನನ್ ಕೈ ಹಿಡೀರಿ ಅಂತ ನೀನೇ ಹೇಳಿದ್ಯಲ್ಲಜ್ಜಿ. ಮರೆತಿಲ್ಲ ನಾವು," ಅಂದನಂತೆ. ಎಷ್ಟು ಪ್ರೀತಿಯಿಂದ ಅಂದನೋ ಪಾಪ.

ಆ ಹೊತ್ತಿನಿಂದ ಸುಂಕಜ್ಜಿ ಮಾತು ಬಿಟ್ಟಳಂತೆ. ಕೇರಿಯ ನಡುವೆ ಒಂದು ಚಪ್ಪಡಿ ಕಲ್ಲಿತ್ತು, ಅದರ ಮೇಲೆ ಮೆಳೆಗೆ ಬೆನ್ನು ಕೊಟ್ಟು ಕೂತುಬಿಟ್ಟಳಂತೆ. ಗಂಜಿ ತಂದುಕೊಟ್ಟರೆ ಕುಡಿಯುವಳು. ಬಿದಿರಿನ ಮಾತೆತ್ತಿದರೆ ಹೂಂ ಇಲ್ಲ, ಊಹೂಂ ಇಲ್ಲ, ಕಣ್ಣಿನಲ್ಲಿ ಸನ್ನೆಯೂ ಇಲ್ಲ. ಯಾಕೆ ಬಿಟ್ಟಳು ಅಂದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಸಿಟ್ಟು ಅನ್ನುತ್ತಾರೆ. ವ್ರತ ಅನ್ನುತ್ತಾರೆ. ಅತ್ತು ಅತ್ತು ನಾಲಿಗೆ ಬಿದ್ದುಹೋಯಿತು ಅನ್ನುತ್ತಾರೆ. ನಮ್ಮಜ್ಜಿ ಬೇರೆ ಹೇಳುತ್ತಿದ್ದಳು. ಯಾವ ಮಾತು ಆಡಿದರೂ ಅದು ಪರೀಕ್ಷೆಯಾಗುತ್ತದೆ, ಮಾತೇ ಇಲ್ಲದಿದ್ದರೆ ಇವರು ಯಾವುದಕ್ಕೆ ಎದುರು ಆಡಿಯಾರು ಅಂತ ಬಿಟ್ಟಳು ಅನ್ನುತ್ತಿದ್ದಳು.

ಕೇರಿಯವರು ಮೊದಮೊದಲು ಇದೂ ಒಂದು ಹೊಸ ಪರೀಕ್ಷೆ ಅಂದುಕೊಂಡರು. ದಿನ ಕಳೆದಂತೆ ಅವರಿಗೆ ದಿಕ್ಕು ತೋಚದಾಯಿತು. ಅಜ್ಜಿ ಕಡಿ ಅಂದರೆ ಕಡಿಯಬಾರದು ಅಂತ ಗೊತ್ತು. ಏನೂ ಅನ್ನದಿದ್ದರೆ ಏನು ಮಾಡಬೇಕು? ಅದನ್ನು ಅವಳು ಕಲಿಸಿರಲಿಲ್ಲವಲ್ಲ.

ನೀಲಿ ಅಂತ ಒಬ್ಬ ಹುಡುಗಿ, ಅಜ್ಜಿಯ ಹತ್ತಿರ ಕಲಿತವರಲ್ಲಿ ಎಲ್ಲರಿಗಿಂತ ಚಿಕ್ಕವಳು. ಆಗಷ್ಟೇ ಕತ್ತಿ ಹಿಡಿದಿದ್ದಳಂತೆ. ಅವಳು ಒಂದು ಮಧ್ಯಾಹ್ನ ಒಬ್ಬಳೇ ಮೆಳೆಗೆ ಹೋಗಿ ಗಳ ತಟ್ಟಿದಳಂತೆ. ಠಣ್ ಅನ್ನಲಿಲ್ಲ. ಒಣ ಸೋರೆಬುರುಡೆ ತಟ್ಟಿದಂತೆ ಟೊಳ್ಳು ಸದ್ದು ಬಂತು. ಇನ್ನೊಂದನ್ನು ತಟ್ಟಿದಳು, ಅದೂ ಹಾಗೇ. ಹೊರಗಿನ ಕೂಸನ್ನು ತಟ್ಟಿದಳು, ಅದೂ ಹಾಗೇ. ಗಾಳಿಗೆ ಮುರಿದು ಬಿದ್ದಿದ್ದ ಒಂದು ಗಳ ತೆಗೆದುಕೊಂಡು ಸೀಳಿ, ದಬ್ಬೆಯನ್ನು ಮಂಡಿಗೆ ಕೊಟ್ಟು ಬಗ್ಗಿಸಿದಳು. ಬಗ್ಗಲಿಲ್ಲ, ಲಟಕ್ಕನೆ ಮುರಿಯಿತು. ಬುಡ ಕೆದಕಿದಳು. ಕಳಲೆ ಮೂಡುವ ಕಣ್ಣು ಎಲ್ಲೂ ಇಲ್ಲ. ನೀಲಿ ಅಳುತ್ತಾ ಕೇರಿಗೆ ಬಂದಳಂತೆ.

"ಅಜ್ಜೀ, ಕೂಸೂ ಸತ್ತೈತೆ. ಎಲ್ಲಾ ಸತ್ತಾವು. ಕಡೀಲೇನಜ್ಜಿ?"

ಅಜ್ಜಿ ಹೊಳೆಯ ಕಡೆ ನೋಡುತ್ತಾ ಕೂತಿದ್ದಳು. ತಿರುಗಲಿಲ್ಲ.

ನೀಲಿ ಕೇಳಿ ಕೇಳಿ ಸಾಕಾಗಿ, ಕಣ್ಣೊರೆಸಿಕೊಂಡು, ಕತ್ತಿ ತೆಗೆದುಕೊಂಡು ಹೋದಳಂತೆ. ಜಂಬ ಅಡ್ಡ ಬಂದ. ಕೈ ಹಿಡಿಯುವುದು ಅವನಿಗೆ ಗೊತ್ತಿತ್ತಲ್ಲ. ನೀಲಿ ಕೈ ಬಿಡಿಸಿಕೊಳ್ಳಲಿಲ್ಲವಂತೆ. "ಹಿಡಕೊಂಡೇ ಇರು ಮಾವ. ಇನ್ನೊಂದು ಕೈಯಾಗ ತಟ್ಟಿ ನೋಡು," ಅಂದಳಂತೆ. ಜಂಬ ತಟ್ಟಿದ. ಸುತ್ತಿದ್ದವರೆಲ್ಲ ಕೇಳಿದರು. ಅವನು ಇನ್ನೊಂದು ಗಳ ತಟ್ಟಿದ, ಇನ್ನೊಂದು ಮೆಳೆಗೆ ಹೋಗಿ ತಟ್ಟಿದ, ಅಲ್ಲಿಂದ ಮುಂದಿನದಕ್ಕೆ ಹೋದ. ವಾಪಸ್ ಬಂದಾಗ ಅವನ ಮುಖ ನೋಡುವಂತಿರಲಿಲ್ಲವಂತೆ. ಅಜ್ಜಿ ಅತ್ತಿದ್ದು ನಿಜವಾದ ಅಳು ಅಂತ ಅವನಿಗೆ ಆಗ ತಿಳಿದಿರಬೇಕು.

ಕೇರಿಗೆ ಕೇರಿಯೇ ಕಡಿಯಲು ಇಳಿಯಿತು. ಕಡಿದದ್ದನ್ನು ಹೊಳೆಯ ಮರಳಿಗೆ ಎಳೆದು ಹಾಕಿದರು. ಉದುರಿದ ಎಲೆ, ಮುರಿದ ಮುಳ್ಳು ಎಲ್ಲ ಗುಡಿಸಿದರು. ಕೈಯೆಲ್ಲ ರಕ್ತವಂತೆ. ಪ್ರತಿ ಮೆಳೆ ನೆಲಕ್ಕೆ ಬಿದ್ದಾಗ ಯಾರಾದರೊಬ್ಬರು ಓಡಿಬಂದು ಅಜ್ಜಿಯ ಮುಂದೆ ನಿಂತು, ಸರಿಯಾಯಿತೇ ಅಂತ ಕೇಳುವರಂತೆ. ಅಜ್ಜಿ ಹೊಳೆಯನ್ನೇ ನೋಡುವಳಂತೆ. ಕೊನೆಗೆ ಕೇರಿಯ ಹಿಂದೆ ಬಟ್ಟಬಯಲು. ಗುಡಿಸಲುಗಳು ಬೆತ್ತಲೆ ನಿಂತ ಹಾಗೆ ಕಾಣುತ್ತಿದ್ದವಂತೆ.

ಬೇಸಿಗೆ ನೆತ್ತಿಗೇರಿದಾಗ ಗುಡ್ಡದ ಆಚೆ ಮಗ್ಗುಲು ಹೊತ್ತಿಕೊಂಡಿತು. ಅಲ್ಲಿನ ಬಿದಿರನ್ನು ಯಾರೂ ಕಡಿದಿರಲಿಲ್ಲ. ಗೆಣ್ಣುಗಳು ಸಿಡಿಯುವ ಸದ್ದಿಗೆ ಊರಿನ ಎತ್ತುಗಳು ಹಗ್ಗ ಕಿತ್ತವಂತೆ. ಬೆಂಕಿ ಗುಡ್ಡ ಹತ್ತಿ ಈ ಕಡೆ ಇಳಿಯಿತು, ಒಣಹುಲ್ಲು ತಿನ್ನುತ್ತಾ ಬಂತು, ಕಡಿದ ಬಯಲಿನ ಅಂಚಿಗೆ ಬಂದು ನಿಂತಿತು. ಸುಂಕಜ್ಜಿ ಎದ್ದು ಕೈ ಎತ್ತಿದಳು, ಬೆಂಕಿ ಮಂಡಿಯೂರಿತು ಅಂತ ಆಚೆ ದಂಡೆಯವರು ಹೇಳುತ್ತಾರೆ. ಅವರು ಏನು ಬೇಕಾದರೂ ಹೇಳುತ್ತಾರೆ. ತಿನ್ನಲು ಏನೂ ಇರಲಿಲ್ಲ, ನಿಂತಿತು. ಕೇರಿ ಉಳಿಯಿತು. ಒಂದು ಗುಡಿಸಲಿನ ಹುಲ್ಲೂ ಸುಡಲಿಲ್ಲವಂತೆ.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಕೇರಿಯವರೆಲ್ಲ ಅಜ್ಜಿಯ ಕಾಲಿಗೆ ಬಿದ್ದು, ನೀನು ಹೇಳಿದ್ದೇ ನಿಜವಾಯಿತು, ಈಗಲಾದರೂ ಬಾಯಿ ಬಿಡು ಅಂದರಂತೆ. ಅಜ್ಜಿ ಬಿಡಲಿಲ್ಲ. ಗೆದ್ದ ಮೇಲೂ ಯಾಕೆ ಸುಮ್ಮನಿದ್ದಳು? ಇದೇ ನನಗೆ ಹರಿಯದ ಗಂಟು. ಕೇರಿ ಉಳಿದರೇನು, ಬಿದಿರು ಮತ್ತೆ ಬಂದೀತೋ ಇಲ್ಲವೋ ಅವಳಿಗೇ ಗೊತ್ತಿರಲಿಲ್ಲ, ಅದಕ್ಕೇ ಸುಮ್ಮನಿದ್ದಳು ಅಂತ ನಾನು ಅಂದುಕೊಳ್ಳುತ್ತೇನೆ. ನನ್ನ ಹೆಂಡತಿ ಒಪ್ಪುವುದಿಲ್ಲ. ಅಜ್ಜಿಗೆ ಎಲ್ಲ ಗೊತ್ತಿತ್ತು, ನಿನಗೆ ಗೊತ್ತಿಲ್ಲ ಅನ್ನುತ್ತಾಳೆ.

ಮಳೆ ಬಿತ್ತು. ಕಡಿದ ಬುಡಗಳಿಂದ ಒಂದು ಕಳಲೆ ಮೇಲೇಳಲಿಲ್ಲ. ಬಯಲಿನ ತುಂಬ ಬರೀ ಹುಲ್ಲು. ಕೇರಿಯವರು ಕೆಲಸವಿಲ್ಲದೆ ಕೂತರು. ಹಸಿದ ಬಾಯಿಗಳು ಸುಮ್ಮನಿರುವುದಿಲ್ಲ, ಮೊದಲ ಏಟು ಹಾಕಿದವಳು ನೀಲಿ, ಮೆಳೆಯನ್ನು ಕೊಂದವಳು ನೀಲಿ ಅಂದವಂತೆ. ಕೇರಿಯನ್ನು ಉಳಿಸಿದವಳೂ ಅವಳೇ ಅನ್ನುವುದು ಒಂದು ಮಳೆಗೆ ಮರೆತುಹೋಗಿತ್ತು. ಆ ಹುಡುಗಿ ದಿನಾ ಬಂದು ಚಪ್ಪಡಿಯ ಹತ್ತಿರ ನಿಂತು ಒಂದೇ ಮಾತು ಕೇಳುತ್ತಿದ್ದಳಂತೆ.

"ನಾನು ಕೊಂದ್ನೇನಜ್ಜಿ?"

ಒಂದು ಮಾತು. ಇಲ್ಲ ಮಗಾ ಅಂತ ಒಂದು ಮಾತು ಅಂದಿದ್ದರೆ ಅಜ್ಜಿಯ ಗಂಟೇನು ಹೋಗುತ್ತಿತ್ತು? ನನಗೆ ಇಲ್ಲಿ ಸುಂಕಜ್ಜಿಯ ಮೇಲೆ ಸಿಟ್ಟು ಬರುತ್ತದೆ. ಚಿಕ್ಕಂದಿನಿಂದ ಬರುತ್ತಿದೆ, ಇವತ್ತಿಗೂ ಇಳಿದಿಲ್ಲ. ಅವಳು ಅನ್ನಲಿಲ್ಲ. ಒಂದು ಸಲ ನೀಲಿಯ ಗೀರು ಬಿದ್ದ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು ಸವರಿದಳು ಅಂತ ಮಾತ್ರ ಹೇಳುತ್ತಾರೆ. ಅದೂ ಎಲ್ಲರೂ ಹೇಳುವುದಿಲ್ಲ.

ಆ ಮಳೆಗಾಲದಲ್ಲೇ ಸುಂಕಜ್ಜಿ ತೀರಿಕೊಂಡಳು. ಊರಿಗೆಲ್ಲ ಚಟ್ಟ ಕಟ್ಟಿಕೊಡುತ್ತಿದ್ದ ಕೇರಿಯಲ್ಲಿ ಅವಳ ಚಟ್ಟಕ್ಕೆ ಒಂದು ಹಸಿ ಬಿದಿರು ಇರಲಿಲ್ಲವಂತೆ. ಜಂಬ ಮತ್ತು ಅವಳ ಹತ್ತಿರ ಕಲಿತವರು ಕೈಮೇಲೆಯೇ ಹೊತ್ತರಂತೆ. ನನ್ನನ್ನು ಮೆಳೆಯ ಬುಡದಲ್ಲೇ ಮಣ್ಣು ಮಾಡಿ ಅಂತ ಬಾಯಿದ್ದಾಗ ಹೇಳಿದ್ದಳಂತೆ. ಹಾಗಾಗಿ ಬಯಲಿಗೆ ಹೊತ್ತು ತಂದರು. ಗುಂಡಿಗೆ ಜಾಗ ಮಾಡಲು ನೀಲಿ ಬಗ್ಗಿ ಹುಲ್ಲು ಕಿತ್ತಳು.

ಕಿತ್ತ ಹುಲ್ಲು ಕೈಯಲ್ಲಿ ಹಾಗೇ ಉಳಿಯಿತಂತೆ. ಅದಕ್ಕೆ ಗೆಣ್ಣಿತ್ತು. ಎಳೆ ಗೆಣ್ಣು, ಬೆರಳಿಗೆ ಸಿಕ್ಕಿತೋ ಇಲ್ಲವೋ ಅನ್ನುವಷ್ಟು. ಇನ್ನೊಂದು ಕಿತ್ತಳು, ಬೇರಿನ ತುದಿಯಲ್ಲಿ ಬಿದಿರಕ್ಕಿಯ ಸಿಪ್ಪೆ ಅಂಟಿಕೊಂಡಿತ್ತು. ನೀಲಿ ಸುತ್ತಲಿನ ಹುಲ್ಲನ್ನು ಬಿಡಿಸಿ ಬಿಡಿಸಿ ನೋಡಿದಳು. ಬಯಲಿನ ತುಂಬ ನಿಂತಿದ್ದು ಎಲ್ಲವೂ ಹುಲ್ಲಲ್ಲ, ಹುಲ್ಲಿನ ಜೊತೆಗೇ ಮೊಳೆತ ಬಿದಿರು.

ಹೆಣ ಹೊತ್ತವರು ಅಲ್ಲಾಡದೆ ನಿಂತರಂತೆ. ಕಾಲು ಎಲ್ಲಿ ಇಟ್ಟರೂ ಸಸಿ. ಆಮೇಲೆ ನೀಲಿಯೇ, ಇಲ್ಲಿ ಗುಂಡಿ ಬೇಡ ಅಂದಳಂತೆ. ಅಜ್ಜಿಯೇ ಕೇಳಿಕೊಂಡಿದ್ದಳಲ್ಲ ಅಂತ ಯಾರೋ ಅಂದರು. "ಅಜ್ಜಿ ಹೇಳಿದ್ರೂ ಬ್ಯಾಡ," ಅಂದಳಂತೆ ನೀಲಿ. ಜಂಬ ತಲೆಯಾಡಿಸಿದ. ಬಂದ ಹೆಜ್ಜೆಯಲ್ಲೇ ಹೆಜ್ಜೆ ಇಟ್ಟು, ಒಂದು ಸಸಿಯನ್ನೂ ತುಳಿಯದ ಹಾಗೆ ಹಿಂದಕ್ಕೆ ಹೊತ್ತುಕೊಂಡು ಹೋದರಂತೆ. ಎಲ್ಲಿ ಮಣ್ಣು ಮಾಡಿದರು? ಹೊಳೆಯ ಈ ದಂಡೆ ಅನ್ನುತ್ತಾರೆ, ಆ ದಂಡೆ ಅನ್ನುತ್ತಾರೆ. ನನಗೆ ಗೊತ್ತಿಲ್ಲ. ಅವಳಿಗೆ ಗುಡಿಯಿಲ್ಲ, ಕಲ್ಲಿಲ್ಲ, ವರ್ಷಕ್ಕೊಂದು ಎಡೆಯೂ ಇಲ್ಲ.

ಇನ್ನೊಂದು ಮಾತಿದೆ, ಹೇಳದೆ ಬಿಟ್ಟರೆ ಮೋಸವಾದೀತು. ಬೆಂಕಿ ಬಿದ್ದ ಆಚೆ ಮಗ್ಗುಲಿನಲ್ಲೂ ಈಗ ಬಿದಿರಿದೆ. ನಾನೇ ಹೋಗಿ ನೋಡಿ ಬಂದಿದ್ದೇನೆ. ಆ ಬೆಂಕಿಯಲ್ಲಿ ಉಳಿದ ಬೀಜದ್ದೋ, ಹಕ್ಕಿ ತಂದದ್ದೋ, ನಮ್ಮ ಕಡೆಯಿಂದ ಮಳೆನೀರು ಒಯ್ದದ್ದೋ ಯಾರು ಬಲ್ಲರು. ಹಾಗಾದರೆ ಕಡಿಯದಿದ್ದರೂ ಬರುತ್ತಿತ್ತೇ ಅಂತ ನಮ್ಮ ಕೇರಿಯಲ್ಲಿ ಇವತ್ತಿಗೂ ವಾದ ನಡೆಯುತ್ತದೆ. ಬಂದಿರಬಹುದು, ನೋಡಲು ಕೇರಿ ಇರುತ್ತಿರಲಿಲ್ಲ ಅಂತ ನಾನು ಹೇಳುತ್ತೇನೆ. ಅಷ್ಟು ಮಾತ್ರ ನನಗೆ ಖಾತ್ರಿ.

ನೀಲಿ ಮುದುಕಿಯಾಗುವವರೆಗೆ ಬದುಕಿದಳು, ಅವಳೂ ಮಕ್ಕಳಿಗೆ ಕಲಿಸಿದಳು. ಆದರೆ ಸುಳ್ಳು ಅಪ್ಪಣೆ ಕೊಡಲಿಲ್ಲವಂತೆ. ನಿಜವಾದ ಅಪ್ಪಣೆಯನ್ನೂ ಕೊಡಲಿಲ್ಲವಂತೆ. ಅವಳಿಂದ ಹಿಡಿದು ಇವತ್ತಿನವರೆಗೆ ನಮ್ಮ ಕೇರಿಯಲ್ಲಿ ಇದೇ ನಡೆದುಕೊಂಡು ಬಂದಿದೆ. ಕತ್ತಿ ಹಿಡಿಯುವುದು ಹೇಗೆ, ತಟ್ಟುವುದು ಹೇಗೆ, ದಬ್ಬೆ ಸೀಳುವುದು ಹೇಗೆ, ಎಲ್ಲ ಹೇಳಿಕೊಡುತ್ತೇವೆ. ಮೊದಲ ಗಳ ಕಡಿಯುವ ದಿನ ಮಾತ್ರ ಕಲಿಸಿದವರು ಮೆಳೆಗೆ ಬೆನ್ನು ಕೊಟ್ಟು ಕೂರುತ್ತೇವೆ. ಇದನ್ನು ಕಡಿಯಲೇ ಅಂತ ಕೇಳಿದರೆ ತಿರುಗುವುದಿಲ್ಲ. ಕಡಿದು ತಂದು, ಸರಿಯಾಯಿತೇ ಅಂದರೂ ಹೇಳುವುದಿಲ್ಲ. ನನಗೂ ನಮ್ಮಪ್ಪ ಹೇಳಲಿಲ್ಲ. ಆ ದಿನ ನಾನು ಕಡಿದದ್ದು ದುಡಿಯುವುದೋ ಹರೆಯದ್ದೋ ಅಂತ ಈ ವಯಸ್ಸಿನಲ್ಲೂ ಒಮ್ಮೊಮ್ಮೆ ಯೋಚನೆಯಾಗುತ್ತದೆ, ಎದ್ದು ಹೋಗಿ ಆ ಬುಡ ನೋಡಿ ಬರುತ್ತೇನೆ.

ಸಾಕು, ದಬ್ಬೆ ಕೆಳಗಿಡಿ. ಬಿಸಿಲು ಇಳಿಯುವುದರೊಳಗೆ ಒಬ್ಬೊಬ್ಬರು ಒಂದೊಂದು ಗಳ ತರಬೇಕು. ಕತ್ತಿಗಳು ಅಲ್ಲಿವೆ. ಮುಳ್ಳಿದೆ, ನಿಧಾನವಾಗಿ ಒಳಗೆ ಹೋಗಿ. ಮೇಷ್ಟ್ರೇ, ನೀವೂ ಏನೂ ಹೇಳಬಾರದು, ಈ ಕಡೆ ಬಂದು ನನ್ನ ಹಾಗೆ ಮೆಳೆಗೆ ಬೆನ್ನು ಕೊಟ್ಟು ಕೂತುಕೊಳ್ಳಿ.

ಏನು ಮಗಾ? ಅದು ಕೂಸೋ ಅಲ್ಲವೋ ಅಂತಲೇ?

ಹೊಳೆಯಲ್ಲಿ ನೀರು ಇಳಿದಿದೆ ಈ ಸಲ.